ಅಣವೀರಪ್ಪನವರ ನಾರ್ವೆ ಪ್ರವಾಸ

ಮುಂಬಯಿಯ ಸಯನ್ ಸ್ಟೇಷನ್ನಿನಿಂದ ಏಳು ನಿಮಿಷದ ಹಾದಿಯಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಮೂವತ್ತೆರಡು ಮನೆಗಳು. ಒಂದೊಂದು ಮಾಳಿಗೆಗೂ ಈ ತುದಿಯಿಂದ ಆ ತುದಿಗೆ ಒಂದೇ ಗ್ಯಾಲರಿ. ಈ ಗ್ಯಾಲರಿಯ ಮಹಿಮೆ ಏನೆಂದರೆ, ಮೊದಲ ಮನೆಯಲ್ಲಿ ಯಾರಾದರೂ ಸೀನಿದರೆ ಎಂಟನೆಯ ಮನೆಯಲ್ಲಿ ಕಷಾಯ ಕುದಿಯುತ್ತದೆ. ಇಂಥ ಜಾಗದಲ್ಲಿ ಯಾವ ರೋಗ ಬಂದರೂ ಮನುಷ್ಯ ಹೆದರಬೇಕಾಗಿಲ್ಲ. ಔಷಧ ಹೇಳಲು ಮೂವತ್ತೊಂದು ಮನೆಯವರು ತಯಾರಿದ್ದಾರೆ. ಆದರೆ ಎರಡನೆಯ ಮಾಳಿಗೆಯ ನಮ್ಮ ಪಕ್ಕದ ಮನೆಯ ಅಣವೀರಪ್ಪನವರಿಗೆ ಬಂದದ್ದು ಮೂಲವ್ಯಾಧಿ.

ಈ ರೋಗಕ್ಕೆ ಮಾನವೆಂಬುದೇ ಇಲ್ಲ. ಎದೆ ನೋಯುವವನು ಎದೆಯ ಮೇಲೆ ಕೈಯಿಟ್ಟುಕೊಂಡು ಗ್ಯಾಲರಿಯಲ್ಲಿ ಕೂತರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವನು ಚಹಾ ಬೇಡವೆಂದರೆ ಅವನಿಗೊಂದು ತೂಕ ಬರುತ್ತದೆ. ಮೂಲವ್ಯಾಧಿಯವನು ಮಾತ್ರ ಎಷ್ಟು ನರಳಿದರೂ ಕೇಳುವವರು ಮೊದಲು ನಕ್ಕು ಆಮೇಲೆ ಅಯ್ಯೋ ಅನ್ನುತ್ತಾರೆ. ಅಣವೀರಪ್ಪನವರು ಇಂಡಿ ತಾಲೂಕಿನವರು, ಮಾನಸ್ಥರು. ಪರದೇಶದಿಂದ ಕಾಗದ ತರಿಸುವ ಫೋರ್ಟಿನ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕಟ್ಟಿಗೆಯ ಕುರ್ಚಿಯ ಮೇಲೆ ಕೂತು ಹೆಡ್‌ಕ್ಲಾರ್ಕ್ ಆದವರು. ಕುರ್ಚಿ ಅವರಿಗೆ ಕೊಟ್ಟದ್ದು ಎರಡು: ಒಂದು ಹುದ್ದೆ, ಇನ್ನೊಂದು ಇದು.

ಕೊಯ್ಯಿಸಲೇಬೇಕು ಎಂದು ಡಾಕ್ಟರು ಹೇಳಿದಾಗ ಅಣವೀರಪ್ಪನವರು ಹತ್ತಿರದ ಸಯನ್ ಆಸ್ಪತ್ರೆಯ ಹೆಸರನ್ನೇ ಎತ್ತಲಿಲ್ಲ. ನಮ್ಮ ಬಿಲ್ಡಿಂಗಿನ ಮೂವರು ಅಲ್ಲಿ ನೌಕರಿಗಿದ್ದರು. ಅದಕ್ಕೆ ಮಿರಜ ನಿಶ್ಚಯವಾಯಿತು. ಅಲ್ಲಿ ಒಳ್ಳೆಯ ಡಾಕ್ಟರಿದ್ದರು, ಹೆಂಡತಿಯ ತಮ್ಮ ಬಂಡೆಪ್ಪನೂ ಇದ್ದ.

"ಸತ್ರೂ ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದರು ಹೆಂಡತಿಗೆ.

"ಬಿಡೂದಿಲ್ರೀ," ಎಂದಳು ಗುರುಬಾಯಿ.

ಗುರುಬಾಯಿ ಕೊಟ್ಟ ಮಾತು ಉಳಿಸಿಕೊಂಡಳು. ಮೂಲವ್ಯಾಧಿಯ ಸುದ್ದಿ ಅವಳ ಬಾಯಿಂದ ಹೊರಬೀಳಲೇ ಇಲ್ಲ. ಹೊರಬಿದ್ದದ್ದು ಬೇರೆ.

ಅಣವೀರಪ್ಪನವರು ಸೂಟ್‌ಕೇಸು, ಮೆತ್ತನೆಯ ದಿಂಬು ಹಿಡಿದು ಟ್ಯಾಕ್ಸಿ ಹತ್ತಿದ ಬೆಳಿಗ್ಗೆಯೇ ವಿನೋದಿನಿ ಟೀಚರು ಅವರ ಬಾಗಿಲಿಗೆ ಬಂದು ನಿಂತರು. ಉಡುಪಿ ಕಡೆಯವರು. ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಪ್ರಪಂಚದಲ್ಲಿ ಯಾರು ಎಲ್ಲಿಗೆ ಹೋದರೂ ಅದು ತಮ್ಮ ವಿಷಯಕ್ಕೆ ಸಂಬಂಧಪಟ್ಟದ್ದೆಂದು ತಿಳಿದವರು.

"ಯಜಮಾನರು ಎಲ್ಲಿಗೆ ಹೋದದ್ದು ಗುರುಬಾಯಕ್ಕ?"

"ಕಂಪನಿ ಕೆಲಸರೀ."

"ಹೌದು, ಎಲ್ಲಿಗೆ?"

ಗುರುಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೋಡೆಯ ಮೇಲೆ ಕಂಪನಿ ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು. ಕಾಗದ ಕಳಿಸುವ ದೇಶದವರು ಅಚ್ಚು ಹಾಕಿಸಿದ್ದು. ತಿಂಗಳಿಗೊಂದು ಬೆಟ್ಟ, ಬೆಟ್ಟಕ್ಕೊಂದು ಜಲಪಾತ, ಅದರ ಬುಡದಲ್ಲಿ ಹಾವಿನಂತೆ ಹರಿದ ರಸ್ತೆ, ಪ್ರತಿ ರಸ್ತೆಯ ಮೇಲೂ ಒಂದು ಕೆಂಪು ಕಾರು. ದೇಶದ ಹೆಸರನ್ನು ಮಗಳು ಒಮ್ಮೆ ಓದಿ ಹೇಳಿದ್ದಳು.

"ನಾರ್ವೆಕ್ಕ," ಎಂದಳು ಗುರುಬಾಯಿ.

ಟೀಚರ ಕೈಯ ಚೀಲ ಜಾರಿತು. "ನಾರ್ವೆ? ಯುರೋಪಿನ ನಾರ್ವೆಯಾ?"

"ಎಷ್ಟ ನಾರ್ವೆ ಅದಾವರೀ ಮತ್ತ?" ಎಂದು ಗುರುಬಾಯಿ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ಟೀಚರಿಗೆ ಅದು ಚುಚ್ಚಿದಂತಾಯಿತು.

"ಅಲ್ಲಿ ಎಂತ ಕೆಲಸ?"

ಗುರುಬಾಯಿ ಮತ್ತೊಮ್ಮೆ ಒಳಗೆ ಕಣ್ಣು ಹಾಯಿಸಿದಳು. "ಕಾರಿನಾಗ ಅಡ್ಡಾಡೂದು. ನೀರ ಬೀಳೂದು ನೋಡೂದು."

"ಅದು ಕೆಲಸವಾ ಮಾರಾಯ್ತಿ?"

"ಮಾಡಂದ್ರ ಮಾಡಬೇಕಲ್ರೀ. ಮಂದೀ ಕೈಯಾಗಿನ ನೌಕರಿ," ಎಂದು ಗುರುಬಾಯಿ ನಿಟ್ಟುಸಿರಿಟ್ಟಳು.

ಸುದ್ದಿ ಮಧ್ಯಾಹ್ನದೊಳಗೆ ಮೂರನೆಯ ಮಾಳಿಗೆಗೆ ಏರಿತು, ಸಂಜೆಗೆ ಕೆಳಗಿಳಿದು ಟೇಲರನ ಅಂಗಡಿ ಸೇರಿತು. ಏರುವಾಗ ಅಣವೀರಪ್ಪನವರು ತಮ್ಮ ಮ್ಯಾನೇಜರನ ಜೊತೆ ಹೋಗಿದ್ದರು. ಇಳಿಯುವಾಗ ಮ್ಯಾನೇಜರನನ್ನು ಬಿಟ್ಟು ಹೋಗಿದ್ದರು. ಟೇಲರನ ಪ್ರಕಾರ ಆ ದೇಶದ ರಾಜನೇ ಕರೆಸಿಕೊಂಡಿದ್ದ. ಆ ದಿನಗಳಲ್ಲಿ ಪರದೇಶಕ್ಕೆ ಹೋಗುವುದೆಂದರೆ ಹುಡುಗಾಟವಲ್ಲ. ನಮ್ಮ ಬಿಲ್ಡಿಂಗಿನಿಂದ ಅತಿ ದೂರ ಹೋದವರೆಂದರೆ ಒಬ್ಬರು ಕಾಶಿಗೆ, ಇನ್ನೊಬ್ಬರು ಲೋಕಲ್ಲಿನಲ್ಲಿ ಕಾಂದಿವಲಿಗೆ.

ಹದಿನೈದನೆಯ ದಿನ ಅಣವೀರಪ್ಪನವರು ಮಿರಜದ ರೈಲಿನಿಂದ ದಾದರಿನಲ್ಲಿ ಇಳಿದರು. ಕರೆತರಲು ಹೋದವಳು ಮಗಳು ಶರಣವ್ವ. ಅಜ್ಜಿಯ ಹೆಸರನ್ನು ಹೊತ್ತು ಬಾಂದ್ರಾದ ಒಂದು ಆಫೀಸಿನಲ್ಲಿ ಟೈಪಿಸ್ಟಾಗಿದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಮೂರು ಭಾಷೆಯಲ್ಲಿರುತ್ತಿತ್ತು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅಪ್ಪ ಒಂದು ಮಗ್ಗುಲಿಗೆ ಒರಗಿದ ಮೇಲೆ ಅವಳು ಮುಂದಿನಿಂದ ತಿರುಗಿ ನೋಡಿದಳು.

"ಪಪ್ಪಾ, ಒಂದ ಬಾತ್ ಹೇಳೂದೈತಿ. ಗುಸ್ಸಾ ಆಗಬ್ಯಾಡ್ರಿ."

"ಹೇಳವಾ."

"ನೀವು ಮಿರಜದಿಂದ ಬಂದಿಲ್ಲ."

"ಮತ್ತ?"

"ನಾರ್ವೆದಿಂದ ಬಂದೀರಿ."

"ಯಾರು?"

"ನೀವು."

"ಯಾವಾಗ?"

"ಅಭೀ. ಈಗ. ಮಮ್ಮಿ ಬಿಲ್ಡಿಂಗ್‌ದಾಗ ಎಲ್ಲಾರಿಗೂ ಹೇಳಿ ಆತು."

ಅಣವೀರಪ್ಪನವರು ಮಾಟುಂಗಾ ದಾಟಿದ ಮೇಲೆ ಟ್ಯಾಕ್ಸಿಯವನಿಗೆ, "ಗಾಡಿ ಹೊರಳಿಸಪಾ, ಮತ್ತ ಮಿರಜಕ್ಕ ಹೋಗ್ತೀನಿ," ಎಂದರು. ಅವನು ಉತ್ತರದ ಕಡೆಯ ಭಯ್ಯಾ, ಕನ್ನಡ ಬಾರದು. ನೇರವಾಗಿ ನಮ್ಮ ಬಿಲ್ಡಿಂಗಿನ ಎದುರು ತಂದು ನಿಲ್ಲಿಸಿದ.

ಎದುರಿಗೆ ನಾವೆಲ್ಲ ನಿಂತಿದ್ದೆವು. ಮುಂದೆ, ಕೈಯಲ್ಲಿ ಹೂಮಾಲೆ ಹಿಡಿದು, ಚಂದ್ರಾಮ. ಆತ ಸಯನ್ನಿನ ಕನ್ನಡ ಸಂಘದ ಕಾರ್ಯದರ್ಶಿ. ಯಾರಿಗಾದರೂ ಮಾಲೆ ಹಾಕದೆ ಎರಡು ವಾರ ಕಳೆದರೆ ಅವನ ಕೈ ನಡುಗುತ್ತಿತ್ತು. ಅಣವೀರಪ್ಪನವರು ಟ್ಯಾಕ್ಸಿಯಿಂದ ಅಡ್ಡಡ್ಡಲಾಗಿ ಹೊರಬಂದರು. ಕಾಲು ಅಗಲಿಸಿ, ಒಂದೊಂದು ಹೆಜ್ಜೆಗೂ ಯೋಚಿಸಿ, ಹಲ್ಲು ಕಚ್ಚಿಕೊಂಡು ನಡೆದರು.

"ನೋಡ್ರಿ, ನೋಡ್ರಿ! ಹದಿನೈದ ದಿನಕ್ಕ ನಡಿಗೀನ ಬದಲಾಗೇತಿ. ಫಾರಿನ್ ನಡಿಗಿ!" ಎಂದ ಚಂದ್ರಾಮ.

ಬಂಡೆಪ್ಪ ಅಕ್ಕನಿಗೆಂದು ಕೊಟ್ಟು ಕಳಿಸಿದ ಒಣದ್ರಾಕ್ಷಿಯ ಪೊಟ್ಟಣ ಆ ಗದ್ದಲದಲ್ಲಿ ಯಾರದೋ ಕೈಗೆ ಸಿಕ್ಕು ಬಿಚ್ಚಿಕೊಂಡಿತು. ಎಲ್ಲರೂ ಎರಡೆರಡು ಕಾಳು ಪ್ರಸಾದದಂತೆ ಬಾಯಿಗೆ ಹಾಕಿಕೊಂಡರು. ಮೂರನೆಯ ಮಾಳಿಗೆಯ ಹಿರಿಯರೊಬ್ಬರು ಕಣ್ಣು ಮುಚ್ಚಿ ಅಗಿದು, "ಏನ ರುಚಿ! ನಮ್ಮ ಸಾಂಗಲಿ ದ್ರಾಕ್ಷಿ ಇದರ ಕಾಲಾಗ ನುಸೀಬೇಕು," ಎಂದರು. ಅದು ಸಾಂಗಲಿಯದೇ ದ್ರಾಕ್ಷಿ.

ಅಣವೀರಪ್ಪನವರು ಸತ್ಯ ಹೇಳಲು ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಕೊರಳಲ್ಲಿ ಮಾಲೆ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕೊರಳಿಗೆ ಬಿದ್ದ ಮೊದಲನೆಯ ಮಾಲೆ. ಅವರು ನಮ್ಮನ್ನೆಲ್ಲ ಒಮ್ಮೆ ನೋಡಿ, "ಛಲೋ ಐತ್ರಿ ದೇಶ," ಎಂದುಬಿಟ್ಟರು.

ಮುಂದಿನ ಎಂಟು ದಿನ ಅವರು ಆಫೀಸಿಗೆ ರಜೆ ಹಾಕಿ ಕ್ಯಾಲೆಂಡರಿನ ಅಭ್ಯಾಸ ಮಾಡಿದರು. ಗುರುಬಾಯಿ ಅದನ್ನು ಗೋಡೆಯಿಂದ ಇಳಿಸಿ ಅಕ್ಕಿಡಬ್ಬಿಯ ಹಿಂದೆ ಅಡಗಿಸಿದ್ದಳು. ಬೆಳಿಗ್ಗೆ ಜನವರಿ, ಫೆಬ್ರುವರಿ ಬಾಯಿಪಾಠ, ಸಂಜೆ ಗ್ಯಾಲರಿಯಲ್ಲಿ ಪ್ರವಚನ. ಬೆಟ್ಟದ ನೆತ್ತಿಯಿಂದ ಹಾಲು ಚೆಲ್ಲಿದಂತೆ ನೀರು, ಸಮುದ್ರವೇ ಬೆಟ್ಟದ ಸಂದಿಯೊಳಗೆ ಹೊಕ್ಕು ಕೂತದ್ದು, ರಸ್ತೆ ಎಷ್ಟು ತಿರುವೆಂದರೆ ಕಾರಿನ ಮುಂದಿನ ದೀಪದಲ್ಲಿ ಅದೇ ಕಾರಿನ ಹಿಂದಿನ ನಂಬರು ಓದಬಹುದು. ಹೇಳುವಾಗ ಒಂದು ಕೈ ಗೋಡೆಯ ಮೇಲಿಟ್ಟು ನಿಂತೇ ಇರುತ್ತಿದ್ದರು.

"ಕೂತುಕೊಳ್ಳಿ ಮಾರಾಯ್ರೆ," ಎಂದು ವಿನೋದಿನಿ ಟೀಚರು ಸ್ಟೂಲು ತಳ್ಳಿದರೆ ಅಣವೀರಪ್ಪನವರು ಬೆಚ್ಚಿ ಹಿಂದೆ ಸರಿಯುತ್ತಿದ್ದರು.

"ಎರಡ ಸಾವಿರ ಮೈಲಿ ಕಾರಿನಾಗ ಕುಂತ ಬಂದೀನ್ರಿ ಟೀಚರಬಾಯಿ. ಇನ್ನ ಕುಂದ್ರೂದು ಅಂದ್ರ ಜೀವ ಹೋಗತೈತಿ."

ಈ ಮಾತನ್ನು ಅವರು ಎಂಥ ಸಂಕಟದಿಂದ ಹೇಳುತ್ತಿದ್ದರೆಂದರೆ ಬಿಲ್ಡಿಂಗಿನ ಅತಿ ದೊಡ್ಡ ಸಂಶಯಪಿಶಾಚಿಗೂ ನಂಬಿಕೆ ಬರುತ್ತಿತ್ತು. ಟೀಚರು ಮಾತ್ರ ಮನೆಗೆ ಹೋಗಿ ಅಟ್ಲಾಸು ತೆಗೆದರು.

ಇಷ್ಟಕ್ಕೇ ನಿಂತಿದ್ದರೆ ನಾರ್ವೆ ತಾನಾಗಿ ಹಳತಾಗುತ್ತಿತ್ತು. ಆದರೆ ಆ ವಾರವೇ ಬಸವಂತಪ್ಪನವರ ಕಡೆಯಿಂದ ಮಾತು ಬಂತು. ಬಸವಂತಪ್ಪನವರು ಬೆಳಗಾವಿ ಕಡೆಯ ವರ್ತಕರು. ದಾದರಿನಲ್ಲಿ ಅವರದು ದೊಡ್ಡ ಅರಿವೆ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕದಲದೆ ಕೂತು ಮೂವತ್ತು ವರ್ಷ ವ್ಯಾಪಾರ ಮಾಡಿದ ಗಟ್ಟಿ ಕುಳ. ಅವರ ಮಗನೂ ನಮ್ಮ ಶರಣವ್ವನೂ ಒಂದು ವರ್ಷದಿಂದ ದಾದರಿನ ಸೇತುವೆಯ ಮೇಲೆ ಲೋಕಲ್ ಬದಲಿಸುವಾಗ ಮಾತಾಡುತ್ತಿದ್ದರು. ಕೆಲವೊಮ್ಮೆ ಮಾತು ಮುಗಿಯದೆ ಮೂರು ಲೋಕಲ್ ಹೋಗಿಬಿಡುತ್ತಿದ್ದವು. ಹುಡುಗ ಮನೆಯಲ್ಲಿ ವಿಷಯ ಎತ್ತಿದಾಗ ಬಸವಂತಪ್ಪನವರು, "ಕಾರಕೂನನ ಮನಿತನಾನ?" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಈಗ ಅದೇ ಬಸವಂತಪ್ಪನವರು ಚಂದ್ರಾಮನ ಕೈಯಲ್ಲಿ ಹೇಳಿಕಳಿಸಿದರು: "ಫಾರಿನ್ ಕಂಡ ಮನಿತನ. ನಮಗ ಒಪ್ಪಿಗಿ ಐತಿ. ಬರೂ ಆದಿತ್ಯವಾರ ಐದ ಮಂದಿ ಹಿರ್ಯಾರನ್ನ ಕರಕೊಂಡ ಬಂದು ಮಾತ ಮುಗಸ್ತೀವಿ."

ಗುರುಬಾಯಿ ಸಕ್ಕರೆ ಹಂಚಿದಳು. ಶರಣವ್ವ ಒಳಗೆ ಅಪ್ಪನ ಮುಂದೆ ನಿಂತಳು.

"ಪಪ್ಪಾ, ಖರೇ ಹೇಳಿಬಿಡ್ರಿ ನಾ. ಆಮ್ಯಾಲೆ ಗೊತ್ತಾದ್ರ ಪೂರಾ ಖಲ್ಲಾಸ್."

"ಈಗ ಹೇಳಿದ್ರೂ ಖಲ್ಲಾಸವಾ. ಮದಿವಿ ಆದಮ್ಯಾಲೆ ಹೇಳೂಣು."

"ಮದಿವಿಗೆ ನೀವು ನಿಂತೇ ಇರ್ತೀರೇನು?"

ಅಣವೀರಪ್ಪನವರು ಕ್ಯಾಲೆಂಡರಿನ ಕಡೆ ತಿರುಗಿದರು. ಅವರಿಗೆ ಇನ್ನೂ ಜುಲೈ, ಆಗಸ್ಟ್ ಬಾಯಿಪಾಠವಾಗಬೇಕಿತ್ತು. ಶನಿವಾರ ಕನ್ನಡ ಸಂಘದಲ್ಲಿ ಭಾಷಣ ಇಟ್ಟಿದ್ದ ಚಂದ್ರಾಮ.

'ಕಾರಿನಲ್ಲಿ ನಾರ್ವೆ: ಜಲಪಾತಗಳ ನಾಡಿನಲ್ಲಿ ಹದಿನೈದು ದಿನ' ಎಂದು ಕಾರ್ಡು ಅಚ್ಚಾಗಿ ಸಯನ್, ಮಾಟುಂಗಾದ ಕನ್ನಡದವರ ಮನೆಮನೆಗೂ ಮುಟ್ಟಿತು. ಅಧ್ಯಕ್ಷತೆ ಬಸವಂತಪ್ಪನವರದು. ಸಂಘದ ಸಭಾಂಗಣ ತುಂಬಿ ಕಿಟಕಿಗಳೂ ತುಂಬಿದವು. ವೇದಿಕೆಯ ಮೇಲೆ ಹುಲಿಯ ಕಾಲಿನ ದೊಡ್ಡ ಕುರ್ಚಿ ಇಟ್ಟಿದ್ದರು. ಅಣವೀರಪ್ಪನವರು ಅದನ್ನು ನೋಡಿ ಬೆವರಿ, "ಇಷ್ಟ ಮಂದಿ ಹಿರ್ಯಾರ ಮುಂದ ನಾ ಕುಂದ್ರಾವಲ್ಲ," ಎಂದು ಕೈಮುಗಿದರು. ಇಂಥ ವಿನಯ ಪರದೇಶ ಕಂಡವರಲ್ಲಿ ಅಪರೂಪವೆಂದು ಚಂದ್ರಾಮ ಅದರ ಮೇಲೆಯೇ ಹತ್ತು ನಿಮಿಷ ಮಾತಾಡಿದ.

ಅಣವೀರಪ್ಪನವರು ಜನವರಿಯಿಂದ ಶುರುಮಾಡಿ ಡಿಸೆಂಬರಿನವರೆಗೆ ಕಾರು ಓಡಿಸಿದರು. ಒಂದೂವರೆ ತಾಸು. ನನಗೇ ಮೈಗೆ ತುಂತುರು ಹನಿ ಸಿಡಿದಂತಾಯಿತೆಂದ ಮೇಲೆ ಕೇಳಬೇಕೆ? ಆಮೇಲೆ ಪ್ರಶ್ನೆಗಳು.

"ಅಲ್ಲಿ ಗಾಡಿ ಎಡಕ್ಕ ಹೊಡೀತಾರೋ ಬಲಕ್ಕ ಹೊಡೀತಾರೋ?" ಎಂದು ಒಬ್ಬ ಟ್ಯಾಕ್ಸಿ ಮಾಲೀಕ ಕೇಳಿದ.

ಕೆಂಪು ಕಾರು ಆರು ಚಿತ್ರದಲ್ಲಿ ಎದುರು ಬರುತ್ತಿತ್ತು, ಆರರಲ್ಲಿ ಬೆನ್ನು ತೋರಿಸಿತ್ತು. ಅಣವೀರಪ್ಪನವರು ಯೋಚಿಸಿ, "ಹೋಗುವಾಗ ಎಡಕ್ಕ, ಬರುವಾಗ ಬಲಕ್ಕ," ಎಂದರು. ಸಭೆ ಬೆರಗಾಯಿತು.

ಹಿಂದಿನಿಂದ ಒಬ್ಬ ಮುದುಕ ಎದ್ದ. "ನಮ್ಮ ಗೋಕಾಕ ಫಾಲ್ಸಕ್ಕಿಂತ ದೊಡ್ಡಾವೇನು?"

ಸಭೆಯಲ್ಲಿ ಅರ್ಧಕ್ಕರ್ಧ ಮಂದಿ ಆ ಸೀಮೆಯವರೇ. ಅಧ್ಯಕ್ಷರಾದ ಬಸವಂತಪ್ಪನವರೂ ಮುಂದಕ್ಕೆ ಬಾಗಿದರು. ಮಗಳ ಬಾಳು ಈಗ ಒಂದು ಜಲಪಾತದ ಮೇಲೆ ನಿಂತಿದೆಯೆಂದು ಅಣವೀರಪ್ಪನವರಿಗೆ ಹೊಳೆಯಿತು.

"ನೀರ ಹೆಚ್ಚೈತ್ರಿ," ಎಂದರು ತಡೆದು ತಡೆದು. "ಆದರ ಗೋಕಾಕದ ಗತ್ತು? ಅದು ಎಲ್ಲಿಂದ ಬರಬೇಕ್ರಿ?"

ಚಪ್ಪಾಳೆಗೆ ಪಂಖಾ ಅಲುಗಾಡಿತು. ಬಸವಂತಪ್ಪನವರು ಎದ್ದು ಬಂದು ಭಾವೀ ಬೀಗರಿಗೆ ಸಂಘದ ಶಾಲು ಹೊದಿಸಿದರು. ಆಗ ವಿನೋದಿನಿ ಟೀಚರು ನಿಧಾನಕ್ಕೆ ಎದ್ದರು.

"ನನ್ನದೊಂದು ಸಣ್ಣ ಪ್ರಶ್ನೆ. ಹದಿನೈದು ದಿನದಲ್ಲಿ ನೀವು ಮೊಳಕಾಲುದ್ದ ಹಿಮ ಕಂಡಿರಿ. ತೋಟದ ತುಂಬ ಹೂ ಕಂಡಿರಿ. ಆಮೇಲೆ ಎಲೆ ಕೆಂಪಾಗಿ ಉದುರುವುದೂ ಕಂಡಿರಿ. ಅದು ಮೂರು ಬೇರೆ ಬೇರೆ ಕಾಲ ಮಾರಾಯ್ರೆ. ಹೇಗೆ ಸಾಧ್ಯ?"

ಅಣವೀರಪ್ಪನವರು ಶಾಲಿನ ತುದಿಯಿಂದ ಹಣೆ ಒರೆಸಿಕೊಂಡರು. "ಬಾಯಿ, ಕಾರು ಭಾಳ ಜೋರ ಹೋಗತಿತ್ರಿ."

ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಟೀಚರ ಮುಖ ಅಟ್ಲಾಸಿನ ಮರುಭೂಮಿಯಂತೆ ಹಳದಿಯಾಯಿತು. ಇಪ್ಪತ್ತು ವರ್ಷ ಕಲಿಸಿದ ಭೂಗೋಳವನ್ನು ಒಂದು ಕಾರು ಹಿಂದೆ ಹಾಕಿ ಹೋಗಿತ್ತು.

ಆದಿತ್ಯವಾರ ಮಳೆಯೂ ಇಲ್ಲದೆ, ಬಿಸಿಲೂ ಹೆಚ್ಚಿರದೆ, ಶುಭಕಾರ್ಯಕ್ಕೆ ಹೇಳಿ ಮಾಡಿಸಿದಂತಿತ್ತು. ಬಸವಂತಪ್ಪನವರು ಐವರು ಹಿರಿಯರೊಂದಿಗೆ ಬಂದರು. ಮನೆ ಸಾಲದೆ ಗ್ಯಾಲರಿಯಲ್ಲೇ ಜಮಖಾನೆ ಹಾಸಿದ್ದರು. ಸಕ್ಕರೆ, ಉಡಿ ತುಂಬುವ ಸಾಮಾನು, ಸೀರೆ, ಎಲ್ಲ ತಟ್ಟೆಯಲ್ಲಿದ್ದವು. ಶರಣವ್ವನನ್ನು ಕರೆಯಿರಿ ಎನ್ನುವಷ್ಟರಲ್ಲಿ ಜಿನ್ನೆಯ ಮೆಟ್ಟಿಲೇರಿ ಅಪರಿಚಿತರೊಬ್ಬರು ಬಂದರು. ಬಿಳಿ ಶರಟು, ಕಂಕುಳಲ್ಲಿ ಫೈಲು. ಅವರೂ ಹಿರಿಯರೇ ಇರಬೇಕೆಂದು ಚಂದ್ರಾಮ ಸಕ್ಕರೆ ಕೊಟ್ಟ. ಅವರು ಸಕ್ಕರೆ ಬಾಯಿಗೆ ಹಾಕಿಕೊಂಡು ಗುರುತಿನ ಚೀಟಿ ತೋರಿಸಿದರು. ಪರದೇಶದ ಹಣದ ವ್ಯವಹಾರ ವಿಚಾರಿಸುವ ಸರಕಾರಿ ಅಧಿಕಾರಿ, ಹೆಸರು ಸಾಠೆ. ಬೆಳಗಾವಿಯಲ್ಲಿ ಆರು ವರ್ಷ ನೌಕರಿ ಮಾಡಿದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಬರದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಅಣವೀರಪ್ಪ ಅಂದ್ರ ಯಾರು? ನಿಮ್ಮ ಪಾಸ್‌ಪೋರ್ಟ್ ತೋರಿಸ್ರಿ."

ಅಣವೀರಪ್ಪನವರು ಮುಂದೆ ಬಂದು ಕೈಮುಗಿದರು.

"ನಮಗ ನಾಲ್ಕ ದಿನದ ಹಿಂದ ಹೆಸರಿಲ್ಲದ ಒಂದು ಪತ್ರ ಬಂದದ, ಆದಿತ್ಯವಾರ ಮನಿಯಾಗ ಸಿಗತೀರಿ ಅಂತ ಇವತ್ತ ಬಂದೀನಿ," ಎಂದು ಸಾಠೆಯವರು ಫೈಲು ಬಿಚ್ಚಿದರು. "ನೀವು ನಾರ್ವೆಗೆ ಹೋಗಿ ಹದಿನೈದ ದಿನ ಕಾರಿನಾಗ ತಿರುಗಿ ಬಂದೀರಿ ಅಂತ ಬರದಾರ. ಆದರ ನಿಮ್ಮ ಹೆಸರಿನಾಗ ಪಾಸ್‌ಪೋರ್ಟ ಇಲ್ಲ. ಪರದೇಶದ ರೊಕ್ಕ ತಗೊಂಡ ದಾಖಲಿ ಇಲ್ಲ. ಅಂದಮ್ಯಾಲೆ ಯಾವ ಹೆಸರಿಲೆ ಹೋಗಿದ್ರಿ? ಯಾರು ಕಳಿಸಿದ್ರು?"

ಪತ್ರ ಬರೆದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ನಾನು ಓರೆಗಣ್ಣಿನಿಂದ ನೋಡಿದಾಗ ಅಕ್ಷರ ದುಂಡಗಿತ್ತು, ನಾರ್ವೆಯ ಊರುಗಳ ಹೆಸರೆಲ್ಲ ಕಾಗುಣಿತ ತಪ್ಪಿಲ್ಲದೆ ಬರೆದಿದ್ದವು ಅಷ್ಟೆ. ವಿನೋದಿನಿ ಟೀಚರು ಆ ಹೊತ್ತಿಗೆ ತಮ್ಮ ಬಾಗಿಲಲ್ಲಿ ಹುರುಳಿ ಆರಿಸುತ್ತಿದ್ದರು.

ಅಣವೀರಪ್ಪನವರು ಸಾಠೆಯವರ ಹತ್ತಿರ ಸರಿದು ಕಿವಿಯಲ್ಲಿ ಏನೋ ಅಂದರು.

"ಏನು? ಕೇಳಿಸಲಿಲ್ಲ."

ಮತ್ತೊಮ್ಮೆ ಅಂದರು.

"ಮೂಲವ್ಯಾಧಿ?" ಎಂದು ಸಾಠೆಯವರು ಸರಕಾರಿ ದನಿಯಲ್ಲಿ ಕೇಳಿದರು. ಆ ದನಿ ಮೂರೂ ಮಾಳಿಗೆಗೆ ಮುಟ್ಟಿತು. "ಯಾರಿಗೆ? ನಿಮಗ? ನಾರ್ವೆದಾಗ ಆತೇನು?"

"ಇಲ್ರೀ ಸಾಹೇಬರ. ಮಿರಜದಾಗ ಕೊಯ್ಸಿಕೊಂಡೆ."

"ಮತ್ತ ನಾರ್ವೆ?"

"ನಾರ್ವೆ ಇಲ್ರೀ."

"ಕಾರು?"

"ಕ್ಯಾಲೆಂಡರಿನಾಗ ಐತ್ರಿ."

ಗುರುಬಾಯಿ ಒಳಗಿನಿಂದ ಕ್ಯಾಲೆಂಡರು ತಂದಳು. ಜೊತೆಗೆ ದವಾಖಾನೆಯ ಚೀಟಿಯನ್ನೂ ತಂದು ಕೊಟ್ಟಳು. ಸಾಠೆಯವರು ಅದನ್ನು ಕನ್ನಡಕ್ಕೆ ತರ್ಜುಮೆ ಮಾಡುತ್ತ ಗಟ್ಟಿಯಾಗಿ ಓದಿದರು. ಎಷ್ಟು ದಿನದಿಂದ, ಎಷ್ಟು ದೊಡ್ಡದು, ಯಾವ ಕಡೆ, ಹೇಗೆ ಕೊಯ್ದರು, ಯಾವ ನೀರಲ್ಲಿ ದಿನಕ್ಕೆ ಎಷ್ಟು ಸಲ ಕೂರಬೇಕು. ಒಂದು ಶಬ್ದವನ್ನೂ ಬಿಡಲಿಲ್ಲ. ಸರಕಾರಿ ಕೆಲಸ. ಜಮಖಾನೆಯ ಮೇಲೆ ಕೂತಿದ್ದ ಹಿರಿಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಮೇಲಿನ ಮಾಳಿಗೆಯಿಂದ ಮೊದಲ ನಗು ಉರುಳಿಕೊಂಡು ಬಂತು, ಆಮೇಲೆ ಅದನ್ನು ತಡೆಯುವವರೇ ಇರಲಿಲ್ಲ.

"ಸರಕಾರದ ದೃಷ್ಟಿಯಿಂದ ಇದು ಅಪರಾಧ ಅಲ್ಲ," ಎಂದು ಸಾಠೆಯವರು ಸಮಾಧಾನ ಹೇಳಿದರು. "ಒಂದು ಪಂಚನಾಮೆ ಮಾಡಿ ಕೇಸು ಮುಗಿಸ್ತೀನಿ. ಐದು ಮಂದಿ ಸಾಕ್ಷಿ ಬೇಕು."

ಐದು ಮಂದಿ ಅಲ್ಲೇ ಕೂತಿದ್ದರು. ಸಂಬಂಧ ಕೂಡಿಸಲು ಬಂದ ಐವರೂ ಹಿರಿಯರು, 'ಸದರಿ ಅಣವೀರಪ್ಪ ಎಂಬ ಇಸಮನು ನಾರ್ವೆಗೆ ಹೋಗಿರುವುದಿಲ್ಲ, ಮೂಲವ್ಯಾಧಿಯ ಸಲುವಾಗಿ ಮಿರಜಕ್ಕೆ ಹೋಗಿದ್ದು ನಿಜ' ಎಂಬ ಕಾಗದಕ್ಕೆ ಒಬ್ಬರಾದ ಮೇಲೊಬ್ಬರು ರುಜು ಹಾಕಿದರು. ಬಸವಂತಪ್ಪನವರು ಎದ್ದು ನಿಂತರು. ಅಣವೀರಪ್ಪನವರತ್ತ ಒಂದು ವಿಚಿತ್ರ ನೋಟ ಬೀರಿ ಜಿನ್ನೆ ಇಳಿದು ಹೋದರು. ಸೀರೆಯ ತಟ್ಟೆಯೂ ಅವರ ಹಿಂದೆ ಇಳಿದು ಹೋಯಿತು.

ಆಮೇಲಿನ ಎಂಟು ದಿನ ಅಣವೀರಪ್ಪನವರ ಬಾಗಿಲು ತೆರೆಯಲಿಲ್ಲ. ತೆರೆದರೆ ಯಾರಾದರೂ, "ಕುಂದರ್ರಿ ಅಣವೀರಪ್ಪ," ಎನ್ನುತ್ತಿದ್ದರು. ನಾವು ಮಾಲೆ ಹಾಕಿದ ಜನ, ಕೀಳುವ ಹಕ್ಕೂ ನಮ್ಮದೇ ಎಂದು ತಿಳಿದಿದ್ದೆವು. ಅವರದು ಮೋಸವೆಂದು ಮೂರನೆಯ ಮಾಳಿಗೆಯ ಹಿರಿಯರು ಗುಡುಗಿದರು; ದ್ರಾಕ್ಷಿ ಬಾಯಿಗೆ ಹಾಕಿಕೊಂಡ ಕೂಡಲೆ ತಮಗೆ ಸಂಶಯ ಬಂದಿತ್ತಂತೆ. ಚಂದ್ರಾಮ ಬಂದು ಬಾಗಿಲು ಬಡಿದು ಶಾಲು ವಾಪಸು ಕೇಳಿದ.

"ನನ್ನದೇನಿಲ್ರೀ. ಸಂಘದ ಠರಾವಿನಾಗ ಪರದೇಶ ಪ್ರವಾಸಿಗೆ ಶಾಲು ಅಂತ ಬರದೈತಿ. ಮಿರಜ ನಮ್ಮ ರಾಜ್ಯದಾಗ ಬರತೈತಿ."

ವಿನೋದಿನಿ ಟೀಚರು ಮಾತ್ರ ದೊಡ್ಡ ಮನಸ್ಸು ಮಾಡಿ ಗುರುಬಾಯಿಗೆ ಹುರುಳಿ ಸಾರು ಕಳಿಸಿದರು. ಭೂಗೋಳ ಗೆದ್ದಿತ್ತು.

ಶರಣವ್ವ ನಾಲ್ಕು ದಿನ ಆಫೀಸಿಗೆ ಹೋದಳು, ಬಂದಳು. ದಾದರಿನಲ್ಲಿ ಮೂರು ಲೋಕಲ್ ಬಿಡುವುದಿರಲಿ, ಮೊದಲನೆಯದಕ್ಕೇ ಹತ್ತಿ ಬರುತ್ತಿದ್ದಳು. ಐದನೆಯ ದಿನ ಅಪ್ಪ ಅವಳ ಮುಂದೆ ಬಂದು ನಿಂತರು.

"ಬೈದು ಬಿಡವಾ ನನಗ."

"ಬೈದು ಕ್ಯಾ ಫಾಯದಾ ಪಪ್ಪಾ?" ಎಂದಳು ಶರಣವ್ವ. "ನೀವು ಮೊದಲ ಹೇಳಿದ್ರ ಮಂದಿ ನಿಮಗ ನಗತಿದ್ರು. ಈಗ ನನಗ ನಗಾಕತ್ತಾರ. ಇಷ್ಟ ಫರಕ್." ಅಷ್ಟು ಹೇಳಿ ಅಪ್ಪ ಕೂರುವ ಬೋಗುಣಿಗೆ ನೀರು ಕಾಸಲು ಒಳಗೆ ಹೋದಳು. ಅಣವೀರಪ್ಪನವರು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದರೆಂದು ಗುರುಬಾಯಿ ಆಮೇಲೆ ನಮ್ಮ ಮನೆಯಲ್ಲಿ ಹೇಳಿದಳು.

ಸೋಮವಾರ ದಾದರಿನ ಅಂಗಡಿಗಳಿಗೆ ಸೂಟಿ. ಅವತ್ತು ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ಬಸವಂತಪ್ಪನವರು ಒಬ್ಬರೇ ಬಂದರು. ಕೈಯಲ್ಲಿ ತಟ್ಟೆಯಿರಲಿಲ್ಲ, ಛತ್ರಿಯಿತ್ತು. ಬಾಯಿ ತುಂಬ ಬೈದು ಹೋಗಲು ಬಂದಿದ್ದಾರೆಂದು ನಾನು ಅಂದುಕೊಂಡೆ. ಕದ್ದು ಕೇಳುವ ಚಟ ನನಗಿಲ್ಲ. ನಮ್ಮ ನಡುಗೋಡೆಗೆ ಮಾತ್ರ ಮಾತು ತಡೆಯುವ ಚಟವಿಲ್ಲ.

"ಹೆಣ್ಮಕ್ಕಳನ್ನ ಅಡಿಗಿಮನಿಗೆ ಕಳಸ್ರಿ," ಎಂದರು ಬಸವಂತಪ್ಪನವರು. 

"ತಪ್ಪಾಗೇತ್ರಿ," ಎಂದು ಅಣವೀರಪ್ಪನವರೇ ಶುರುಮಾಡಿದರು. "ನನಗ ಎರಡ ಮಾತ ಅನ್ರಿ. ಹುಡುಗೀದೇನೂ ತಪ್ಪಿಲ್ಲ. ಆಕಿ ಮೊದಲಿಂದ ಖರೇ ಹೇಳ್ರಿ ಅಂತಿದ್ಲು."

"ಅದಿರ್ಲಿ. ನೀವೊಂದ ಖರೇ ಹೇಳ್ರಿ. ಈಗ ಹ್ಯಾಂಗೈತಿ?"

"ಯಾವುದ್ರಿ?"

"ಅದ... ಅದು."

"ಆರಾಮ ಆಗಾಕತ್ತೈತ್ರಿ."

"ರಕ್ತ?"

"ನಿಂತೈತ್ರಿ."

ಬಸವಂತಪ್ಪನವರ ದನಿ ಇಳಿಯಿತು. ನಾನು ಕಿವಿಯನ್ನು ಗೋಡೆಗೆ ಒತ್ತಬೇಕಾಯಿತು. "ಹದಿನಾಲ್ಕ ವರ್ಷ ಆತ್ರಿ ಅಣವೀರಪ್ಪ. ಹದಿನಾಲ್ಕ ವರ್ಷ! ಗಾದಿ ಮ್ಯಾಲೆ ಹ್ಯಾಂಗ ಕುಂದರತೀನಿ ಅಂತ ನನಗೊಬ್ಬಗ ಗೊತ್ತು. ಹೇಂತಿಗೂ ಹೇಳಿಲ್ಲ. ಗಿರಾಕಿ ಮುಂದ ನಕ್ಕೋತ ಸೀರಿ ಬಿಚ್ಚತೀನಿ, ಒಳಗ ಜೀವ ಹಿಂಡತೈತಿ. ಅವತ್ತ ಆ ಸಾಹೇಬ ನಿಮ್ಮ ಚೀಟಿ ಓದೂವಾಗ ನಾ ಒಂದೊಂದ ಅಕ್ಷರ ಬಾಯಿಪಾಠ ಮಾಡಿದೆ. ಡಾಕ್ಟರನ ಹೆಸರ ಒಂದ ಕೇಳಿಸಲಿಲ್ಲ, ಮಂದಿ ನಕ್ಕುಬಿಟ್ರು."

ಆಗ ಅಣವೀರಪ್ಪನವರು ಮಾತಾಡಿದರು. ಅವರ ನಾರ್ವೆಯ ಭಾಷಣ ಕೇಳಿದ್ದೇನೆ, ಆದರೆ ಆ ಮಧ್ಯಾಹ್ನದ ಮಾತಿನ ಮುಂದೆ ಅದು ಏನೂ ಅಲ್ಲ. ಮೇಜಿನ ಮೇಲೆ ಮಲಗಿಸಿದ್ದು, ಕಿಟಕಿಯಾಚೆ ಬೇವಿನ ಮರ ಕಂಡದ್ದು, ಡಾಕ್ಟರು ಕೊಯ್ಯುವ ಮೊದಲು ಬೆನ್ನು ತಟ್ಟಿ ಊರಿನ ಬೆಳೆ ವಿಚಾರಿಸಿದ್ದು, ಮೂರನೆಯ ದಿನದ ಸಂಕಟ, ಏಳನೆಯ ದಿನ ಕಣ್ಣಲ್ಲಿ ನೀರು ಬಾರದೆ ಮೊದಲ ಸಲ ಹೊರಕಡೆಗೆ ಹೋಗಿಬಂದದ್ದು. ಒಂದು ಕಾಗುಣಿತವೂ ಸುಳ್ಳಿರಲಿಲ್ಲ. ಬಸವಂತಪ್ಪನವರು ನಡುನಡುವೆ, "ಹೌದ? ಹೌದ?" ಎನ್ನುತ್ತಿದ್ದರು. ಅಡಿಗೆಮನೆಯಿಂದ ಗುರುಬಾಯಿ ಎರಡು ಸಲ ಚಹಾ ಕಳಿಸಿದಳು.

"ನೀವು ನನ್ನ ಜೋಡಿ ಮಿರಜಕ್ಕ ಬರತೀರೇನು?" ಎಂದರು ಬಸವಂತಪ್ಪನವರು ಕೊನೆಗೆ. "ಒಬ್ಬನ ಹೋಗಾಕ ಧೈರ್ಯ ಇಲ್ಲ. ಅಂಥಾ ಹೊತ್ತಿನಾಗ ಹೊರಗಿನವರನ್ನ ಕರಕೊಂಡ ಹೋಗಾಕ ಬರೂದಿಲ್ಲ. ಬೀಗರಂದ್ರ ಮಾತು ಬ್ಯಾರೆ."

ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. 

"ಬರತೀನ್ರಿ," ಎಂದರು ಅಣವೀರಪ್ಪನವರು.

"ಆದರ ಮದಿವಿ ದಿನ ನಾ ಆರಾಮ ಕುಂದರಬೇಕ ನೋಡ್ರಿ. ಹುಡುಗನ ತಂದಿ ಮಂಟಪದಾಗ ಒದ್ದಾಡಿದ್ರ ಚಂದ ಕಾಣೂದಿಲ್ಲ. ಎಷ್ಟ ದಿನ ಬೇಕು?"

ಅಣವೀರಪ್ಪನವರು ದೊಡ್ಡ ಡಾಕ್ಟರ ಗತ್ತಿನಲ್ಲಿ ಎಣಿಸಿದರು. "ಈ ವಾರ ಹೋದ್ರ ಹತ್ತ ದಿನ ಅಲ್ಲಿ. ಮುಂದ ಆರ ವಾರ ಗಾದಿ ಮುಟ್ಟೂಹಂಗಿಲ್ಲ. ಏಳನೇ ವಾರ ಮೆತ್ತಗ ಕುಂದರಬಹುದು. ಎಂಟನೇ ವಾರದ ಗುರುವಾರ ಇಟ್ಟಬಿಡೂಣು."

ಗುರುವಾರವೇ ಗಟ್ಟಿಯಾಯಿತು. ಮರುದಿನ ಎರಡೂ ಮನೆಯವರು ಮಠದ ಅಯ್ಯನವರ ಹತ್ತಿರ ಹೋಗಿ ದಿನ ಹೇಳಿದರು. ಅಯ್ಯನವರು ಪಂಚಾಂಗ ಬಿಚ್ಚಿ, ಬೆರಳು ಮಡಿಸಿ ಮಡಿಸಿ ಎಣಿಸಿ, ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಮುಹೂರ್ತವೇ ಇಲ್ಲ, ಇದನ್ನು ಯಾವ ಜ್ಞಾನಿ ತೆಗೆದುಕೊಟ್ಟ ಎಂದು ಕೇಳಿದರು.